ಭಾರತದ 17 ವರ್ಷದೊಳಗಿನವರ ಫುಟ್‌ಬಾಲ್ ತಂಡ

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಆಯ್ದು, ತರಬೇತಿ ಕೊಟ್ಟು, ಅಂತರರಾಷ್ಟ್ರೀಯ ಕಣಕ್ಕೆ ಇಳಿಸುವ ಬಾಲಕರ ತಂಡ. ಫಿಫಾದ 17 ವರ್ಷದೊಳಗಿನವರ ವಿಶ್ವಕಪ್, ಅದೇ ವಯೋಮಾನದ ಏಷ್ಯನ್ ಕಪ್, ದಕ್ಷಿಣ ಏಷ್ಯಾದ ದೇಶಗಳು ಆಡುವ ಸ್ಯಾಫ್ ಚಾಂಪಿಯನ್‌ಷಿಪ್ ಇದರ ಮುಖ್ಯ ಟೂರ್ನಿಗಳು. 2025ರ ಕೊನೆಯವರೆಗಿನ ಲೆಕ್ಕ ಹೀಗಿದೆ: ಸ್ಯಾಫ್‌ನಲ್ಲಿ ಏಳು ಬಾರಿ ಚಾಂಪಿಯನ್, ಏಷ್ಯಾ ಮಟ್ಟದಲ್ಲಿ 2002 ಮತ್ತು 2018ರಲ್ಲಿ ಕ್ವಾರ್ಟರ್‌ಫೈನಲ್, ಎರಡು ಸಲವೂ ದಕ್ಷಿಣ ಕೊರಿಯಾದ ಎದುರು ಸೋಲು, ವಿಶ್ವಕಪ್‌ನಲ್ಲಿ ಒಮ್ಮೆ ಮಾತ್ರ, 2017ರಲ್ಲಿ, ಅದೂ ಆತಿಥೇಯ ದೇಶವೆಂಬ ನೆಲೆಯಲ್ಲಿ. ಆ ವಿಶ್ವಕಪ್‌ನಲ್ಲಿ ಆಡಿದ ಮೂರು ಪಂದ್ಯಗಳಲ್ಲಿ ತಂಡ ಹೊಡೆದದ್ದು ಒಂದು ಗೋಲು, ಬಿಟ್ಟುಕೊಟ್ಟದ್ದು ಒಂಬತ್ತು.

ಹೆಸರು ಮತ್ತು ವಯಸ್ಸು

ಹಳೆಯ ದಾಖಲೆಗಳನ್ನು ತಿರುವುವವರಿಗೆ ಮೊದಲು ಎದುರಾಗುವುದು ಹೆಸರಿನ ಗೊಂದಲ. ಒಂದೇ ತಂಡವನ್ನು ಒಂದು ಕಡೆ ‘16 ವರ್ಷದೊಳಗಿನವರು’ ಎಂದೂ ಇನ್ನೊಂದು ಕಡೆ ‘17 ವರ್ಷದೊಳಗಿನವರು’ ಎಂದೂ ಬರೆದಿರುತ್ತಾರೆ. ಎರಡೂ ಸರಿಯೇ. 1985ರಲ್ಲಿ ಚೀನಾದಲ್ಲಿ ಶುರುವಾದಾಗ ವಿಶ್ವ ಟೂರ್ನಿಯೇ 16 ವರ್ಷದೊಳಗಿನವರದಾಗಿತ್ತು. 1991ರಿಂದ ವಯೋಮಿತಿ 17ಕ್ಕೆ ಏರಿತು. ವಿಶ್ವಕಪ್ ಎರಡು ವರ್ಷಕ್ಕೊಮ್ಮೆ ನಡೆಯುತ್ತಿದ್ದ ಕಾಲದಲ್ಲಿ ಅದಕ್ಕೆ ಅರ್ಹತೆ ಕೊಡುವ ಏಷ್ಯಾ ಟೂರ್ನಿ ಹಿಂದಿನ ವರ್ಷವೇ ಮುಗಿಯುತ್ತಿತ್ತು. ಹಾಗಾಗಿ ಅಲ್ಲಿ 16ರ ಹೆಸರಿನಲ್ಲಿ ಆಡಿದ ಹುಡುಗರೇ ಮರುವರ್ಷ ವಿಶ್ವಕಪ್‌ನಲ್ಲಿ 17ರ ತಂಡವಾಗುತ್ತಿದ್ದರು. ಸ್ಯಾಫ್ ಅಂತೂ 16, 15, 17, ಮತ್ತೆ 16, ಮತ್ತೆ 17 ಎಂದು ಮಿತಿಯನ್ನು ಹಿಂದೆ ಮುಂದೆ ಎಳೆಯುತ್ತಲೇ ಬಂದಿದೆ.

ಹಿರಿಯರ ತಂಡಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸವೆಂದರೆ ಆಯುಸ್ಸು. ಸುನಿಲ್ ಚೆಟ್ರಿಯಂಥವರು ಹಿರಿಯರ ತಂಡದಲ್ಲಿ ಎರಡು ದಶಕ ಆಡಬಹುದು. ಇಲ್ಲಿ ಒಬ್ಬ ಹುಡುಗನ ಪಾಲಿಗೆ ಸಿಗುವುದು ಹೆಚ್ಚೆಂದರೆ ಎರಡು ವರ್ಷ. ಅಷ್ಟರೊಳಗೆ ತಂಡ ಕಟ್ಟಬೇಕು, ಆಡಬೇಕು, ಚದುರಬೇಕು. ಆದ್ದರಿಂದ ‘ಈ ತಂಡ’ ಎಂದು ನಾವು ಕರೆಯುವುದು ನಿಜಕ್ಕೂ ಒಂದೇ ನೀಲಿ ಅಂಗಿ ತೊಟ್ಟು ಬಂದುಹೋದ ಹತ್ತಾರು ಬೇರೆ ಬೇರೆ ತಂಡಗಳನ್ನು.

ವಯಸ್ಸಿನ ತಕರಾರು ಈ ಮಟ್ಟದ ಫುಟ್‌ಬಾಲ್‌ಗೆ ಜಗತ್ತಿನಾದ್ಯಂತ ಅಂಟಿಕೊಂಡಿರುವ ರೋಗ. ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಅಂದಾಜಿನ ಮೇಲೆ ಜೂನ್ ಒಂದು ಎಂದು ಬರೆದುಕೊಂಡ ಜನ್ಮದಿನಾಂಕದಲ್ಲೇ ಬದುಕು ಸವೆಸಿದವರನ್ನು ಕಂಡಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಗದವನ್ನು ನಂಬದೆ ಮೂಳೆಯನ್ನು ನೋಡುವ ಪದ್ಧತಿ ಬಂದದ್ದು ಹಾಗೆ. ಮುಂಗೈಯ ರೇಡಿಯಸ್ ಮೂಳೆಯ ತುದಿಯಲ್ಲಿ, ಮಣಿಕಟ್ಟಿನ ಬಳಿ, ಬೆಳವಣಿಗೆಯ ಮೃದ್ವಸ್ಥಿಯ ಪದರವೊಂದಿರುತ್ತದೆ. ಹುಡುಗರಲ್ಲಿ ಹದಿನೇಳು ತುಂಬುವ ಮೊದಲು ಅದು ಪೂರ್ತಿ ಬೆಸೆದುಕೊಳ್ಳುವುದು ತೀರ ಅಪರೂಪ. ಎಂಆರ್‌ಐ ಚಿತ್ರದಲ್ಲಿ ಬೆಸುಗೆ ಸಂಪೂರ್ಣವಾಗಿ ಕಂಡರೆ ಆಟಗಾರ ಹೊರಗುಳಿಯುತ್ತಾನೆ. ಫಿಫಾ 2009ರ ವಿಶ್ವಕಪ್‌ನಿಂದ ಇದನ್ನು ಜಾರಿಗೆ ತಂದಿತು. ಮೂಳೆ ಒಬ್ಬೊಬ್ಬರಲ್ಲಿ ಒಂದೊಂದು ವೇಗದಲ್ಲಿ ಬಲಿಯುವುದರಿಂದ ನಿಜವಾಗಿಯೂ ಹದಿನಾರರವನಾದ ಹುಡುಗನೊಬ್ಬ ಇದರಲ್ಲಿ ಸಿಕ್ಕಿಬೀಳುವ ಸಾಧ್ಯತೆ ಇದ್ದೇ ಇದೆ.

ದಕ್ಷಿಣ ಏಷ್ಯಾದಲ್ಲಿ

ಸ್ಯಾಫ್ ಮಟ್ಟದ ಕತೆಯನ್ನು ಬೇಗ ಹೇಳಿ ಮುಗಿಸಬಹುದು. 2011ರ ಮೊದಲ ಟೂರ್ನಿಯನ್ನು ಪಾಕಿಸ್ತಾನ ಗೆದ್ದಿತು. 2015 ಮತ್ತು 2018ರಲ್ಲಿ ಬಾಂಗ್ಲಾದೇಶ. ಉಳಿದ 2013, 2017, 2019, 2022, 2023, 2024, 2025ರ ಪ್ರಶಸ್ತಿಗಳು ಭಾರತದವು. 2019ರಲ್ಲಿ ಪಶ್ಚಿಮ ಬಂಗಾಳದ ಕಲ್ಯಾಣಿಯಲ್ಲಿ ನಡೆದ ಫೈನಲ್‌ನಲ್ಲಿ ನೇಪಾಳದ ಮೇಲೆ ಏಳು ಗೋಲು ಬಿದ್ದವು, ಮರು ಉತ್ತರವಿರಲಿಲ್ಲ. 2025ರ ಕೊಲಂಬೊ ಫೈನಲ್ ಮಾತ್ರ ಇದಕ್ಕೆ ತದ್ವಿರುದ್ಧ. ಬಾಂಗ್ಲಾದೇಶದ ಹುಡುಗರು 2-2ರಲ್ಲಿ ಸಮ ಮಾಡಿ ಪೆನಾಲ್ಟಿ ಶೂಟೌಟ್‌ವರೆಗೂ ಎಳೆದರು. ಅಲ್ಲಿ ಭಾರತ 4-1ರಿಂದ ಗೆದ್ದಿತು.

ಈ ಕಪ್‌ಗಳನ್ನು ಎಣಿಸುವಾಗ ಸ್ವಲ್ಪ ಎಚ್ಚರ ಬೇಕು. ನೆರೆಯವರ ನಡುವಿನ ಮೇಲುಗೈ ಏಷ್ಯಾದಲ್ಲಿ ಯಾವ ಭರವಸೆಯನ್ನೂ ಕೊಡುವುದಿಲ್ಲ. 2024ರಲ್ಲಿ ಥಿಂಪುವಿನಲ್ಲಿ ಸ್ಯಾಫ್ ಗೆದ್ದ ತಂಡ ಮರುತಿಂಗಳು ಥಾಯ್ಲೆಂಡ್‌ನ ಚೋನ್‌ಬುರಿಯಲ್ಲಿ ಬ್ರೂನೈ ಮೇಲೆ 13 ಗೋಲು ಸುರಿಸಿತು. ನಿರ್ಣಾಯಕ ಪಂದ್ಯದಲ್ಲಿ ಆತಿಥೇಯ ಥಾಯ್ಲೆಂಡ್‌ಗೆ 2-3ರಿಂದ ಸೋತು ಏಷ್ಯನ್ ಕಪ್ ಕೈತಪ್ಪಿಸಿಕೊಂಡಿತು.

ಏಷ್ಯಾದ ಹೊಸ್ತಿಲು

ಏಷ್ಯಾ ಟೂರ್ನಿಯ ಪ್ರಧಾನ ಹಂತಕ್ಕೆ ಭಾರತ ಮೊದಲು ಕಾಲಿಟ್ಟದ್ದು 1990ರಲ್ಲಿ. ಆಮೇಲೆ 1996. 2002ರಲ್ಲಿ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಕ್ವಾರ್ಟರ್‌ಫೈನಲ್ ತಲುಪಿದ್ದು ಆ ಕಾಲದ ಮಟ್ಟಿಗೆ ದೊಡ್ಡ ಮಾತು. ಅಲ್ಲಿ ಭಾರತವನ್ನು ತಡೆದ ಕೊರಿಯಾದವರೇ ಕೊನೆಗೆ ಕಪ್ ಎತ್ತಿದರು. 2004, 2008, 2012ರಲ್ಲಿ ಗುಂಪು ಹಂತವೇ ಕೊನೆ. ಕಿರಿಯರ ಇನ್ನೊಂದು ತಂಡ, ಈಗ 20 ವರ್ಷದೊಳಗಿನವರದೆಂದು ಕರೆಯುವುದು, 1974ರಲ್ಲೇ ಬ್ಯಾಂಕಾಕ್‌ನಲ್ಲಿ ಶಬ್ಬೀರ್ ಅಲಿ ನಾಯಕತ್ವದಲ್ಲಿ ಇರಾನ್ ಜೊತೆ 2-2 ಡ್ರಾ ಮಾಡಿಕೊಂಡು ಏಷ್ಯಾ ಪ್ರಶಸ್ತಿ ಹಂಚಿಕೊಂಡಿತ್ತು ಎಂಬುದನ್ನು ನೆನೆದರೆ, ನಂತರದ ಮೂವತ್ತು ನಲವತ್ತು ವರ್ಷಗಳ ಈ ಪಟ್ಟಿ ತುಸು ಸಪ್ಪೆಯಾಗಿಯೇ ಕಾಣುತ್ತದೆ.

2017ರ ವಿಶ್ವಕಪ್

2013ರ ಡಿಸೆಂಬರ್‌ನಲ್ಲಿ ಫಿಫಾ ಆತಿಥ್ಯವನ್ನು ಭಾರತಕ್ಕೆ ಒಪ್ಪಿಸಿದಾಗ ಆಡಬೇಕಾದ ಹುಡುಗರು ಹನ್ನೆರಡು ಹದಿಮೂರರ ಆಸುಪಾಸಿನಲ್ಲಿದ್ದರು. ಅರ್ಹತಾ ಸುತ್ತಿನ ಹಂಗಿಲ್ಲ, ತಯಾರಿಗೆ ವರ್ಷಗಳಿವೆ. ಭಾರತದ ಯಾವ ಕಿರಿಯರ ತಂಡಕ್ಕೂ ಅಷ್ಟು ಹಣ, ಅಷ್ಟು ವಿದೇಶ ಪ್ರವಾಸ ಅದಕ್ಕೆ ಮುಂಚೆ ಸಿಕ್ಕಿರಲಿಲ್ಲ. ಜರ್ಮನಿಯ ನಿಕೊಲಾಯ್ ಆಡಮ್ ಕೋಚ್ ಆಗಿ ಬಂದರು. 2016ರ ಏಷ್ಯಾ ಟೂರ್ನಿ ಗೋವಾದಲ್ಲೇ ನಡೆಯಿತು. ಭಾರತ ಸಂಯುಕ್ತ ಅರಬ್ ಸಂಸ್ಥಾನಕ್ಕೆ 2-3ರಿಂದ, ಇರಾನ್‌ಗೆ 0-3ರಿಂದ ಸೋತು, ಸೌದಿ ಅರೇಬಿಯಾ ಜೊತೆ 3-3 ಡ್ರಾ ಮಾಡಿಕೊಂಡು ಹೊರಬಿತ್ತು. ಅದೇ ವರ್ಷ ಗೋವಾದ ಬ್ರಿಕ್ಸ್ ಟೂರ್ನಿಯಲ್ಲಿ ಸಿಕ್ಕಿಂನ ಕೋಮಲ್ ಥಾತಲ್ ಬ್ರೆಜಿಲ್ ವಿರುದ್ಧ ಒಂದು ಗೋಲು ಹೊಡೆದರು. ಪಂದ್ಯ ಸೋತರೂ ಆ ಗೋಲಿನ ಮಾತು ಬಹಳ ದಿನ ನಡೆಯಿತು.

2017ರ ಆರಂಭದಲ್ಲಿ ಆಟಗಾರರ ಅಸಮಾಧಾನದ ನಡುವೆ ಆಡಮ್ ಹುದ್ದೆ ಬಿಟ್ಟರು. ಪೋರ್ಚುಗಲ್‌ನ ಲೂಯಿಸ್ ನಾರ್ಟನ್ ಡಿ ಮಾಟೊಸ್ ಕೈಗೆ ತಂಡ ಸಿಕ್ಕಾಗ ಉಳಿದಿದ್ದುದು ಏಳೆಂಟು ತಿಂಗಳು. ಆ ಮೇ ತಿಂಗಳಲ್ಲಿ ಇಟಲಿಯ ಅರೆಜ್ಜೊದಿಂದ ಸುದ್ದಿ ಬಂತು: ಭಾರತದ ಹುಡುಗರು ಇಟಲಿಯನ್ನು 2-0ರಿಂದ ಸೋಲಿಸಿದರು! ಪತ್ರಿಕೆಗಳು ಕುಣಿದವು. ನಾಲ್ಕು ದಿನದಲ್ಲಿ ಗೊತ್ತಾಯಿತು, ಎದುರಾಳಿ ಇಟಲಿಯ ರಾಷ್ಟ್ರೀಯ ತಂಡವಲ್ಲ, ಅಲ್ಲಿನ ಮೂರನೇ ದರ್ಜೆಯ ಲೀಗ್‌ನ ಕ್ಲಬ್‌ಗಳಿಂದ ಆಯ್ದ ಹುಡುಗರ ತಂಡ. ಈಗಲೂ ಕೆಲವು ಕಡೆ ಇದನ್ನು ಐತಿಹಾಸಿಕ ಜಯವೆಂದೇ ಬರೆಯುವುದುಂಟು. ದಾಖಲೆ ಪುಸ್ತಕದಲ್ಲಿ ಅದಕ್ಕೆ ಜಾಗವಿಲ್ಲ.

ಕೊನೆಗೆ ಆಯ್ಕೆಯಾದ 21 ಮಂದಿಯಲ್ಲಿ ಎಂಟು ಮಂದಿ ಮಣಿಪುರದವರು. ನಾಯಕ ಅಮರ್‌ಜಿತ್ ಸಿಂಗ್, ಗೋಲ್‌ಕೀಪರ್ ಧೀರಜ್ ಸಿಂಗ್, ಸುರೇಶ್ ವಾಂಗ್‌ಜಮ್ ಇವರೆಲ್ಲ ಆ ಪುಟ್ಟ ರಾಜ್ಯದ ಕೊಡುಗೆ. ಅಮರ್‌ಜಿತ್‌ರ ಸೋದರ ಸಂಬಂಧಿ ಜೀಕ್ಸನ್ ಸಿಂಗ್ ಮೊದಲು ಆಯ್ಕೆಗಾರರ ಕಣ್ಣಿಗೆ ಬಿದ್ದಿರಲಿಲ್ಲ. ಮಿನರ್ವ ಅಕಾಡೆಮಿಯಲ್ಲಿ ಆಡಿ, ಮಾಟೊಸ್ ಕಾಲದಲ್ಲಿ ತಡವಾಗಿ ತಂಡ ಸೇರಿದರು. ಬೆಂಗಳೂರಿನ ಇಬ್ಬರಿದ್ದರು: ಸಂಜೀವ್ ಸ್ಟಾಲಿನ್ ಮತ್ತು ಹೆಂಡ್ರಿ ಆಂಟನೇ. ಇಬ್ಬರೂ ಡಿಫೆಂಡರ್‌ಗಳು.

ಅಕ್ಟೋಬರ್ 6ರ ಸಂಜೆ ದೆಹಲಿಯ ಜವಾಹರಲಾಲ್ ನೆಹರು ಕ್ರೀಡಾಂಗಣದಲ್ಲಿ ಅಮೆರಿಕದ ಎದುರು ಮೊದಲ ಪಂದ್ಯ. ಜಾಶ್ ಸಾರ್ಜೆಂಟ್ ಪೆನಾಲ್ಟಿಯಿಂದ ಖಾತೆ ತೆರೆದರು. ಕೊನೆಯ ಹೊತ್ತಿನಲ್ಲಿ ಭಾರತದ ಹೊಡೆತವೊಂದು ಅಡ್ಡಪಟ್ಟಿಗೆ ಬಡಿದು ವಾಪಸಾಯಿತು. ಆ ಚೆಂಡನ್ನೇ ಹಿಡಿದು ಓಡಿದ ಅಮೆರಿಕದವರು ಇನ್ನೊಂದು ತುದಿಯಲ್ಲಿ ಮೂರನೇ ಗೋಲು ಹಾಕಿದರು. 0-3.

ಅಕ್ಟೋಬರ್ 9, ಕೊಲಂಬಿಯಾ. ಈ ಪಂದ್ಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮೊದಲರ್ಧದಲ್ಲಿ ಕೇರಳದ ಕೆ.ಪಿ. ರಾಹುಲ್ ಹೊಡೆದ ಚೆಂಡು ಗೋಲುಕಂಬಕ್ಕೆ ತಾಗಿ ಹೊರಬಂತು. ವಿರಾಮದ ಬಳಿಕ 49ನೇ ನಿಮಿಷದಲ್ಲಿ ಹುವಾನ್ ಪೆನಾಲೋಸ ಕೊಲಂಬಿಯಾಕ್ಕೆ ಮುನ್ನಡೆ ಕೊಟ್ಟರು. ಆಮೇಲೂ ಹುಡುಗರು ಕುಸಿಯಲಿಲ್ಲ. 82ನೇ ನಿಮಿಷದಲ್ಲಿ ಭಾರತಕ್ಕೆ ಕಾರ್ನರ್ ಕಿಕ್. ಧ್ವಜದ ಪಕ್ಕ ಚೆಂಡಿಟ್ಟು ನಿಂತವರು ಬೆಂಗಳೂರಿನ ಎಡಗಾಲಿನ ಹುಡುಗ ಸಂಜೀವ್ ಸ್ಟಾಲಿನ್. ಅವರು ಎತ್ತಿ ಕಳಿಸಿದ ಚೆಂಡು ಗೋಲಿನ ಮುಂದಿನ ಜಂಗುಳಿಯತ್ತ ಬರುತ್ತಿದ್ದಂತೆ ಆರಡಿಗೂ ಮಿಕ್ಕಿದ ಜೀಕ್ಸನ್ ಎಲ್ಲರಿಗಿಂತ ಮೇಲೆ ಎದ್ದು ತಲೆ ಕೊಟ್ಟರು. ಗೋಲು. 1-1. ಫಿಫಾ ವಿಶ್ವಕಪ್‌ಗಳಲ್ಲಿ, ಹಿರಿಯರದಿರಲಿ ಕಿರಿಯರದಿರಲಿ, ಭಾರತದ ಮೊದಲ ಗೋಲು ಅದು.

ಕ್ರೀಡಾಂಗಣ ಇನ್ನೂ ಕುಳಿತಿರಲಿಲ್ಲ. ಹುಡುಗರು ಜೀಕ್ಸನ್‌ರನ್ನು ತಬ್ಬಿ, ಬೆನ್ನು ತಟ್ಟಿ, ತಮ್ಮ ತಮ್ಮ ಜಾಗಕ್ಕೆ ಮರಳುವಷ್ಟರಲ್ಲಿ ಕೊಲಂಬಿಯಾ ಮಧ್ಯದಿಂದ ಆಟ ಶುರುಮಾಡಿ, ನುಗ್ಗಿ, ಅದೇ ಪೆನಾಲೋಸ ಮೂಲಕ ಎರಡನೇ ಗೋಲು ಹಾಕಿಯಾಗಿತ್ತು. ಗಡಿಯಾರದಲ್ಲಿ 83ನೇ ನಿಮಿಷ. ಅನುಭವವಿರುವ ತಂಡ ಗೋಲು ಹೊಡೆದ ಬೆನ್ನಿಗೆ ಚೆಂಡನ್ನು ಎರಡು ನಿಮಿಷ ಸುಮ್ಮನೆ ಅತ್ತಿತ್ತ ತಳ್ಳಾಡುತ್ತದೆ, ನಾಡಿಬಡಿತ ಇಳಿಯಲಿ ಎಂದು. ಹದಿನಾರರ ಹುಡುಗರಿಗೆ, ಅಷ್ಟು ದೊಡ್ಡ ಜನಸಾಗರದ ಎದುರು, ಮೊಟ್ಟಮೊದಲ ಗೋಲಿನ ಮರುಗಳಿಗೆಯಲ್ಲಿ ಅದನ್ನು ಯಾರು ಕಲಿಸಿಕೊಟ್ಟಾರು?

ಮೂರು ದಿನದ ನಂತರ ಘಾನಾ 4-0ರಿಂದ ಗೆದ್ದಿತು. ನಾಯಕ ಎರಿಕ್ ಅಯಾಗೆ ಎರಡು ಗೋಲು, ಕೊನೆಯ ಐದು ನಿಮಿಷದಲ್ಲಿ ಮತ್ತೆರಡು. ಶಕ್ತಿ, ವೇಗ ಎರಡರಲ್ಲೂ ಭಾರತ ಸೋತುಹೋಗಿತ್ತು. ಟೂರ್ನಿ ಮಾತ್ರ ಭರ್ಜರಿಯಾಗಿ ನಡೆಯಿತು. ದೆಹಲಿ, ಕೋಲ್ಕತ್ತ, ಗುವಾಹಟಿ, ಕೊಚ್ಚಿ, ಗೋವಾ, ನವಿ ಮುಂಬೈ ಸೇರಿ 13 ಲಕ್ಷಕ್ಕೂ ಹೆಚ್ಚು ಜನ ಕ್ರೀಡಾಂಗಣಕ್ಕೆ ಬಂದು ನೋಡಿದ್ದು ಈ ವಯೋಮಾನದ ವಿಶ್ವಕಪ್‌ಗೆ ದಾಖಲೆ. ಕೋಲ್ಕತ್ತದ ಫೈನಲ್‌ನಲ್ಲಿ ಎರಡು ಗೋಲು ಹಿಂದಿದ್ದ ಇಂಗ್ಲೆಂಡ್ 5-2ರಿಂದ ಸ್ಪೇನ್ ಅನ್ನು ಮಣಿಸಿತು. ಅಂದಿನ ಇಂಗ್ಲೆಂಡ್ ತಂಡದಲ್ಲಿದ್ದ ಫಿಲ್ ಫೋಡೆನ್ ಯಾರೆಂದು ಈಗ ಯಾರಿಗೂ ಹೇಳಬೇಕಿಲ್ಲ. ಆರು ನಗರಗಳ ಪಟ್ಟಿಯಲ್ಲಿ ಬೆಂಗಳೂರು ಇರಲಿಲ್ಲ.

ಯಾರೂ ನೋಡದ ಒಳ್ಳೆಯ ತಂಡ

ಆಟದ ದೃಷ್ಟಿಯಿಂದ ಭಾರತದ ಅತ್ಯುತ್ತಮ ಬಾಲಕರ ತಂಡ ಯಾವುದೆಂದು ಕೇಳಿದರೆ ಹೆಚ್ಚಿನವರು 2017ರದನ್ನು ಹೆಸರಿಸುತ್ತಾರೆ. ಈ ಲೇಖಕನ ಮಟ್ಟಿಗೆ ಆ ಮಾತು 2018ರ ತಂಡಕ್ಕೆ ಸಲ್ಲಬೇಕು. ಗೋವಾದ ಮಾಜಿ ಆಟಗಾರ ಬಿಬಿಯಾನೊ ಫರ್ನಾಂಡಿಸ್ ಕಟ್ಟಿದ ತಂಡವದು. ಆ ಆಗಸ್ಟ್‌ನಲ್ಲಿ ಜೋರ್ಡಾನ್‌ನಲ್ಲಿ ಹಾಲಿ ಏಷ್ಯಾ ಚಾಂಪಿಯನ್ ಇರಾಕ್ ಅನ್ನು 1-0ರಿಂದ ಸೋಲಿಸಿತು. ಅದೇ ದಿನ ಸ್ಪೇನ್‌ನಲ್ಲಿ ಭಾರತದ 20 ವರ್ಷದೊಳಗಿನವರ ತಂಡ, ಹತ್ತೇ ಮಂದಿ ಉಳಿದಿದ್ದರೂ, ಅರ್ಜೆಂಟೀನಾವನ್ನು 2-1ರಿಂದ ಮಣಿಸಿತ್ತು.

ಸೆಪ್ಟೆಂಬರ್‌ನಲ್ಲಿ ಮಲೇಷ್ಯಾದಲ್ಲಿ ಏಷ್ಯಾ ಟೂರ್ನಿ. ವಿಕ್ರಮ್ ಪ್ರತಾಪ್ ಸಿಂಗ್ ಪೆನಾಲ್ಟಿಯಿಂದ ವಿಯೆಟ್ನಾಂ ವಿರುದ್ಧ 1-0 ಗೆಲುವು. ಇರಾನ್ ಜೊತೆ 0-0; ಗೋಲ್‌ಕೀಪರ್ ನೀರಜ್ ಕುಮಾರ್ ಪೆನಾಲ್ಟಿಯೊಂದನ್ನು ತಡೆದರು. ಇಂಡೊನೇಷ್ಯಾ ಜೊತೆಗೂ 0-0. ಗುಂಪು ಹಂತದಲ್ಲಿ ಒಂದೇ ಒಂದು ಗೋಲು ಬಿಟ್ಟುಕೊಡದೆ ಕ್ವಾರ್ಟರ್‌ಫೈನಲ್‌ಗೆ ಬಂದರೆ ಎದುರು ನಿಂತದ್ದು ಮತ್ತೆ ದಕ್ಷಿಣ ಕೊರಿಯಾ. ದ್ವಿತೀಯಾರ್ಧದಲ್ಲಿ ಜಿಯೊಂಗ್ ಸಾಂಗ್-ಬಿನ್ ಹೊಡೆದ ಒಂದು ಗೋಲು ಎಲ್ಲವನ್ನೂ ಮುಗಿಸಿತು. ನಾಲ್ಕು ಪಂದ್ಯಗಳಲ್ಲಿ ಭಾರತ ಹೊಡೆದದ್ದು ಒಂದು, ತಿಂದದ್ದು ಒಂದು. ರಕ್ಷಣೆ ಕಲ್ಲಿನಂತಿತ್ತು, ಮುಂದೆ ಗೋಲು ಹೊಡೆಯುವ ಕಾಲಿರಲಿಲ್ಲ. ಆಗ ಏಷ್ಯಾದಿಂದ ವಿಶ್ವಕಪ್‌ಗೆ ಸೆಮಿಫೈನಲ್ ತಲುಪಿದ ನಾಲ್ಕೇ ತಂಡಗಳಿಗೆ ದಾರಿ. ಇವತ್ತಿನ ನಿಯಮವಾಗಿದ್ದರೆ ಆ ಹುಡುಗರು ಕೊರಿಯಾಕ್ಕೆ ಸೋತ ಮೇಲೂ ವಿಶ್ವಕಪ್‌ಗೆ ಹೋಗುತ್ತಿದ್ದರು.

ಅವರ ಹಿಂದೆ ಬಂದವರ ಪಾಡು ಇನ್ನೂ ಕಷ್ಟದ್ದು. 2019ರ ಸೆಪ್ಟೆಂಬರ್‌ನಲ್ಲಿ ತಾಷ್ಕೆಂಟ್‌ನ ಅರ್ಹತಾ ಸುತ್ತಿನಲ್ಲಿ ತುರ್ಕ್‌ಮೆನಿಸ್ತಾನ, ಬಹ್ರೇನ್ ಎರಡನ್ನೂ ತಲಾ 5-0ರಿಂದ ಸದೆಬಡಿದು, ಉಜ್ಬೆಕಿಸ್ತಾನದ ಜೊತೆ ಅವರ ನೆಲದಲ್ಲೇ 1-1 ಡ್ರಾ ಮಾಡಿಕೊಂಡು ಗುಂಪಿನ ಅಗ್ರಸ್ಥಾನದೊಂದಿಗೆ ಈ ತಂಡ ತೇರ್ಗಡೆಯಾಯಿತು. 2020ರಲ್ಲಿ ಬಹ್ರೇನ್‌ನಲ್ಲಿ ನಡೆಯಬೇಕಿದ್ದ ಟೂರ್ನಿ ಕೊರೊನಾದಿಂದ ಮೊದಲು ಮುಂದಕ್ಕೆ ಹೋಯಿತು, ಕೊನೆಗೆ ರದ್ದಾಯಿತು. ಮುಂದಿನ ಸಲ ಎನ್ನಲು ಅವರಿಗೆ ವಯಸ್ಸು ಮೀರಿತ್ತು.

2023ರ ಥಾಯ್ಲೆಂಡ್ ಏಷ್ಯನ್ ಕಪ್‌ನಲ್ಲಿ ವಿಯೆಟ್ನಾಂ ಜೊತೆ 1-1, ಉಜ್ಬೆಕಿಸ್ತಾನಕ್ಕೆ 0-1. ಕೊನೆಯ ಪಂದ್ಯದಲ್ಲಿ ಜಪಾನ್ ಎಂಟು ಗೋಲು ಹೊಡೆಯಿತು, ಭಾರತ ನಾಲ್ಕು. ವಿಚಿತ್ರ ಅಂಕ. ಆ ಕಪ್ ಗೆದ್ದ ಜಪಾನ್‌ಗೆ ನಾಲ್ಕು ಗೋಲು ಹಾಕಿದ್ದಕ್ಕೆ ಹಿಗ್ಗಬೇಕೋ ಎಂಟು ಬಿಟ್ಟುಕೊಟ್ಟದ್ದಕ್ಕೆ ತಲೆ ಚಚ್ಚಿಕೊಳ್ಳಬೇಕೋ ತಿಳಿಯದ ಸ್ಥಿತಿ.

ಮುಂದೆ ಅವರೇನಾದರು

2017ರ ಬಹುಪಾಲು ಹುಡುಗರನ್ನು ಫೆಡರೇಷನ್ ಚದುರಲು ಬಿಡದೆ ಇಂಡಿಯನ್ ಆ್ಯರೋಸ್ ಹೆಸರಿನಲ್ಲಿ ಐ-ಲೀಗ್‌ನಲ್ಲಿ ಆಡಿಸಿತು. ವಿದೇಶಿ ಆಟಗಾರರಿಲ್ಲದ, ಮೀಸೆ ಚಿಗುರದವರ ತಂಡ ಮೊದಲ ಪಂದ್ಯದಲ್ಲಿ ಚೆನ್ನೈ ಸಿಟಿಯನ್ನು 3-0ರಿಂದ ಸೋಲಿಸಿ ಎಲ್ಲರನ್ನೂ ಬೆರಗಾಗಿಸಿತು. ಶಿಲ್ಲಾಂಗ್ ಲಜಾಂಗ್ ವಿರುದ್ಧ ನೊಂಗ್‌ದಂಬ ನವೋರೆಮ್ ಎದುರಾಳಿಗಳನ್ನು ಒಬ್ಬರಾದ ಮೇಲೊಬ್ಬರಂತೆ ವಂಚಿಸಿ ಹಾಕಿದ ಗೋಲು ಮೊಬೈಲಿನಿಂದ ಮೊಬೈಲಿಗೆ ಹಾರಿತು. ಋತು ಮುಗಿದಾಗ ತಂಡ ಹತ್ತರಲ್ಲಿ ಹತ್ತನೆಯದು. 2022ರಲ್ಲಿ ಈ ವ್ಯವಸ್ಥೆಯನ್ನೇ ಮುಚ್ಚಲಾಯಿತು.

ಬೆಳೆದವರಿಗೆ ಬರವಿಲ್ಲ. ಜೀಕ್ಸನ್, ಅಮರ್‌ಜಿತ್, ಸುರೇಶ್, ಅಪುಯಾ ಎಂದು ಕರೆಸಿಕೊಳ್ಳುವ ಮಿಜೋರಂನ ಲಾಲೆಂಗ್‌ಮಾವಿಯಾ, ಅನ್ವರ್ ಅಲಿ, ರಹೀಮ್ ಅಲಿ ಹಿರಿಯರ ರಾಷ್ಟ್ರೀಯ ತಂಡಕ್ಕೇರಿದರು. 2018ರ ತಂಡದ ವಿಕ್ರಮ್ ಪ್ರತಾಪ್ ಕೂಡ. ಅನ್ವರ್‌ಗೆ 2019ರಲ್ಲಿ ಹೃದಯದ ತೊಂದರೆ ಪತ್ತೆಯಾಗಿ ಆಟವೇ ನಿಲ್ಲುವಂತಾಗಿತ್ತು. ಆಡುವ ಹಕ್ಕಿಗಾಗಿ ನ್ಯಾಯಾಲಯದ ಮೆಟ್ಟಿಲೇರಿ, ಮರಳಿ ಬಂದು, ದೇಶದ ಪ್ರಮುಖ ಡಿಫೆಂಡರ್ ಆದರು. ಸುರೇಶ್ 2019ರಲ್ಲಿ ಬೆಂಗಳೂರು ಎಫ್‌ಸಿ ಸೇರಿ ಕಂಠೀರವ ಕ್ರೀಡಾಂಗಣದ ಪ್ರೇಕ್ಷಕರಿಗೆ ಮನೆಯ ಹುಡುಗನಂತಾದರು.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ವಿಶ್ವಕಪ್‌ನ ಏಕೈಕ ಗೋಲಿಗೆ ಕಾರ್ನರ್ ಒದ್ದವರೂ ಬೆಂಗಳೂರಿನವರೇ. 2006ರಲ್ಲಿ ಏಷ್ಯಾ ಕಿರಿಯರ ಚಾಂಪಿಯನ್‌ಷಿಪ್ ಕೋಲ್ಕತ್ತದ ಜೊತೆ ಬೆಂಗಳೂರಿನಲ್ಲೂ ನಡೆದಿತ್ತು. ಆದರೂ ಈಚಿನ ಬಾಲಕರ ತಂಡಗಳ ಪಟ್ಟಿ ನೋಡಿದರೆ ಮಣಿಪುರ, ಮಿಜೋರಂನ ಹೆಸರುಗಳ ನಡುವೆ ಕರ್ನಾಟಕದವರನ್ನು ಹುಡುಕಬೇಕು.

ಅಹಮದಾಬಾದ್, 2025

ವಿಶ್ವಕಪ್ ಈಗ ಪ್ರತಿವರ್ಷದ ಟೂರ್ನಿ. 2025ರಿಂದ ಕತಾರ್‌ನಲ್ಲಿ ಸತತ ಐದು ಸಲ ನಡೆಸಲು, 24ರ ಬದಲು 48 ತಂಡಗಳನ್ನು ಆಡಿಸಲು ಫಿಫಾ ತೀರ್ಮಾನಿಸಿದೆ. ಆತಿಥೇಯ ಕತಾರ್ ಬಿಟ್ಟು ಏಷ್ಯಾದ ಪಾಲು ಎಂಟು ಸ್ಥಾನ. ಅಂದರೆ ಏಷ್ಯನ್ ಕಪ್‌ನಲ್ಲಿ ಕ್ವಾರ್ಟರ್‌ಫೈನಲ್ ತಲುಪಿದರೆ ಸಾಕು.

2026ರ ಸೌದಿ ಅರೇಬಿಯಾ ಏಷ್ಯನ್ ಕಪ್‌ಗೆ ಅರ್ಹತಾ ಪಂದ್ಯಗಳು 2025ರ ನವೆಂಬರ್‌ನಲ್ಲಿ ಅಹಮದಾಬಾದ್‌ನಲ್ಲಿ ನಡೆದವು. ಕೋಚ್ ಮತ್ತೆ ಬಿಬಿಯಾನೊ. ಪ್ಯಾಲೆಸ್ಟೀನ್ ಜೊತೆ 1-1, ಚೈನೀಸ್ ತೈಪೆ ಮೇಲೆ 3-1, ಲೆಬನಾನ್‌ಗೆ 0-2 ಸೋಲು. ಉಳಿದದ್ದು ಇರಾನ್, ಗೆಲ್ಲದೆ ಗತ್ಯಂತರವಿಲ್ಲ. ನವೆಂಬರ್ 30ರಂದು ಇರಾನ್ ಮೊದಲು ಗೋಲು ಹಾಕಿತು. ವಿರಾಮಕ್ಕೆ ಸ್ವಲ್ಪ ಮುಂಚೆ ದಲ್ಲಾಲ್‌ಮುವೊನ್ ಗಾಂಗ್ಟೆ ಪೆನಾಲ್ಟಿಯಿಂದ ಸಮ ಮಾಡಿದರು. ಮತ್ತೆ ಆಟ ಶುರುವಾದ ಕೆಲವೇ ನಿಮಿಷಕ್ಕೆ ಗುನ್‌ಲೈಬ ವಾಂಗ್‌ಖೈರಕ್‌ಪಮ್ ಎರಡನೆಯದನ್ನು ಹೊಡೆದರು. ಉಳಿದ ಅರ್ಧ ಗಂಟೆಗೂ ಹೆಚ್ಚಿನ ಹೊತ್ತು ಇರಾನ್‌ನವರು ಎಷ್ಟು ಬಡಿದರೂ ಬಾಗಿಲು ತೆರೆಯಲಿಲ್ಲ. 2-1ರಿಂದ ಗೆದ್ದ ಭಾರತ ಏಷ್ಯನ್ ಕಪ್‌ಗೆ ತೇರ್ಗಡೆಯಾಯಿತು. ಈ ತಂಡದವರೆಲ್ಲ 2009ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು. ಸ್ಟಾಲಿನ್ ಒದ್ದ ಕಾರ್ನರ್‌ಗೆ ಜೀಕ್ಸನ್ ತಲೆ ಕೊಟ್ಟ ರಾತ್ರಿ ಅವರಲ್ಲಿ ಹಿರಿಯವನಿಗೂ ಒಂಬತ್ತು ತುಂಬಿರಲಿಲ್ಲ.